ಅತ್ತೆ ಪರೀಕ್ಷೆಗೆ ಹೋದ ನಾವೆ

ಆ ನಾವೆಯಲ್ಲಿ ಕಾಲಿಡುವ ಮೊದಲೇ ನಾನು ಅದರಲ್ಲಿ ನಾಲ್ಕು ತಪ್ಪುಗಳನ್ನು ಕಂಡಿದ್ದೆ. ಎಷ್ಟು ಜನ ಹತ್ತಬಹುದೆಂದು ತಿಳಿಸುವ ಫಲಕ ಎಲ್ಲಿಯೂ ಇರಲಿಲ್ಲ. ಹೆಂಗಸರು ಕೆಸರು ತುಳಿಯದೆ ಹತ್ತಲು ಒಂದು ಹಲಗೆಯನ್ನೂ ಹಾಕಿರಲಿಲ್ಲ. ಒಳಗೆ ಬಂದ ನೀರನ್ನು ಹೊರಚೆಲ್ಲುವ ಡಬ್ಬಿಯ ತಳ ತುಕ್ಕು ತಿಂದು ಜರಡಿಯಾಗಿತ್ತು. ನಾಲ್ಕನೆಯದಾಗಿ, ಅಂಬಿಗನು ನಾವು ಯಾರು ಎತ್ತ ಎಂದು ವಿಚಾರಿಸುವ ಸೌಜನ್ಯವನ್ನೂ ತೋರದೆ ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಸುಮ್ನ ನಿಂತೀರಲ್ಲ, ನೀರ ಚೆಲ್ಲರಿ" ಎಂದಿದ್ದ. ಈ ನಾಲ್ಕನ್ನೂ ನಾನು ದಂಡೆಯ ಮೇಲೆ ನಿಂತೇ ನನ್ನ ವಹಿಯಲ್ಲಿ ಬರೆದುಕೊಂಡೆ.

ಆ ವಹಿಯ ವಿಷಯವನ್ನು ಮೊದಲು ಹೇಳಬೇಕು. ನನಗೆ ಆಗ ಇಪ್ಪತ್ತೆರಡು ವರ್ಷ. ಧಾರವಾಡದ ಕಡೆಯ ಒಂದು ಹೊಸ ಪದ್ಧತಿಯ ವಸತಿಶಾಲೆಯಲ್ಲಿ ಓದಿ ಬಂದವನು ನಾನು. ಅಲ್ಲಿ ಗುರುಗಳೂ ಹುಡುಗರೂ ಒಟ್ಟಿಗೆ ಕಸ ಗುಡಿಸುತ್ತಿದ್ದೆವು, ಪಾಯಖಾನೆ ತೊಳೆಯುತ್ತಿದ್ದೆವು, ಸಂಜೆ ಗಿಡದ ಕೆಳಗೆ ಕುಳಿತು ಸಮಾಜದ ದೋಷಗಳನ್ನು ಚರ್ಚಿಸುತ್ತಿದ್ದೆವು. ಕಂಡ ತಪ್ಪನ್ನು ಕಂಡಲ್ಲೇ ಹೆಸರು ಹಿಡಿದು ಹೇಳುವುದು ನಾಗರಿಕನ ಮೊದಲ ಕರ್ತವ್ಯವೆಂದು ನಮಗೆ ಕಲಿಸಿದ್ದರು. ಇಂದಿಗೂ ನಾನು ಅದನ್ನು ನಂಬುತ್ತೇನೆ. ರಬಕವಿಗೆ ಮರಳಿ ಬಂದ ಮೇಲೆ ನೇಕಾರರ ಓಣಿಯಲ್ಲಿ ರಾತ್ರಿಶಾಲೆ ತೆರೆದೆ. ಜೊತೆಗೆ ಕೆಂಪು ರಟ್ಟಿನ ಒಂದು ವಹಿಯನ್ನು ಕೊಂಡು, ಊರಿನ ತಪ್ಪುಗಳನ್ನು ಕ್ರಮಸಂಖ್ಯೆ ಹಾಕಿ ಬರೆಯತೊಡಗಿದೆ. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ಎರಡು-ಮೂರು ವರ್ಷಗಳಾಗಿದ್ದವು. ರಾಜರು ಹೋದರೂ ತಪ್ಪುಗಳು ಹೋಗಿರಲಿಲ್ಲ. ಮೊದಲ ವಹಿ ಆರು ತಿಂಗಳಲ್ಲಿ ತುಂಬಿತ್ತು. ಈ ಪ್ರಯಾಣದಲ್ಲಿ ನನ್ನ ಚೀಲದಲ್ಲಿದ್ದದ್ದು ಎರಡನೆಯದು.

ರಾತ್ರಿಶಾಲೆಯ ಅತ್ಯಂತ ಹಿರಿಯ ವಿದ್ಯಾರ್ಥಿನಿ ನನ್ನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮೂವತ್ತು ವರ್ಷ ನಮ್ಮ ಮನೆಯ ನಾಲ್ಕು ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿದವಳು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಗಂಜಿ ಹಚ್ಚಿದವಳು. ಅವಳ ಕೈ ಸೋಕದ ಒಂದು ಸೀರೆಯೂ ನಮ್ಮ ಮನೆಯಿಂದ ಪೇಟೆಗೆ ಹೋಗಿರಲಿಕ್ಕಿಲ್ಲ. ಆದರೂ ನೇಕಾರರ ಸಂಘದ ಲೆಕ್ಕದಲ್ಲಿ ನೇಕಾರರೆಂದರೆ ಮಗ್ಗದ ಕುಣಿಯಲ್ಲಿ ಕುಳಿತ ಗಂಡಸರು ಮಾತ್ರ. ಇದು ನನ್ನ ಮೊದಲ ವಹಿಯ ಒಂದನೆಯ ತಪ್ಪು. ಸಂಘದ ಕಮಿಟಿಗೆ ತಾನು ನಿಲ್ಲುತ್ತೇನೆಂದು ಅತ್ತೆ ಹೇಳಿದ ದಿನ ಹಿರಿಯರು ಯಾರೂ ಸಿಟ್ಟಾಗಲಿಲ್ಲ, ನಕ್ಕರು. ಆಮೇಲೆ ನಿಯಮಾವಳಿ ತೆರೆದು, "ಕಮಿಟಿಯೊಳಗ ಕುಂಡ್ರಬೇಕಂದ್ರ ಓದಾಕ ಬರಿಯಾಕ ಬರಬೇಕು. ಹೆಬ್ಬಟ್ಟಿನವರಿಗೆ ಜಾಗಾ ಇಲ್ಲ" ಎಂದರು. ಆ ಹೆಬ್ಬಟ್ಟಿನವರಲ್ಲಿ ಅವರ ಪೈಕಿಯೇ ಇಬ್ಬರಿದ್ದರು. ಅವರು ಮೊದಲಿನಿಂದಲೂ ಕಮಿಟಿಯಲ್ಲಿದ್ದುದರಿಂದ ಅವರಿಗೆ ಆ ನಿಯಮ ತಾಗುತ್ತಿರಲಿಲ್ಲವಂತೆ. ಕ್ರಮಸಂಖ್ಯೆ ಎರಡು.

ಅತ್ತೆ ಅವತ್ತೇ ಸಂಜೆ ಬರೆಯುವ ಪಾಟಿ ಹಿಡಿದು ಶಾಲೆಗೆ ಬಂದಳು. ಒಂದೂವರೆ ವರ್ಷದಲ್ಲಿ ಓದಿದಳು, ಬರೆದಳು. ಇನ್ನು ಉಳಿದದ್ದು ಪ್ರೌಢರ ಸಾಕ್ಷರತಾ ಪರೀಕ್ಷೆಯ ಸರ್ಟಿಫಿಕೇಟು. ಜಮಖಂಡಿಯಲ್ಲಿ ಪರೀಕ್ಷೆ ನಡೆದ ದಿನ ಅವಳಿಗೆ ಥಂಡಿಜ್ವರ. ಆ ವರ್ಷದ ಕೊನೆಯ ಪರೀಕ್ಷೆ ಉಳಿದಿದ್ದದ್ದು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ, ಮುಂಜಾನೆ ಹನ್ನೊಂದಕ್ಕೆ. ಸಂಘದ ಸಭೆ ಅದರ ಮುಂದಿನ ವಾರ. ಆ ಪರೀಕ್ಷೆ ತಪ್ಪಿದರೆ ಕಮಿಟಿ ಮತ್ತೆ ಮೂರು ವರ್ಷ ಅದೇ ಗಂಡಸರದು.

ಮಳೆಗಾಲದ ಕೊನೆ. ಹಳ್ಳಗಳು ತುಂಬಿ, ಎರೆಮಣ್ಣಿನ ರಸ್ತೆಯಲ್ಲಿ ಮೋಟಾರುಗಳು ಹೂತು ನಿಂತು, ಬಸ್ಸು ಬಂದ್ ಆಗಿತ್ತು. ಆ ಕೆಳಗಿನ ಊರಿನ ಕಡವಿಗೆ ನಾವೆಯಿಲ್ಲದೆ ಜನ ಪರದಾಡುತ್ತಿದ್ದುದರಿಂದ ನಮ್ಮ ಕಡೆಯ ಹಳೆಯ ನಾವೆಯೊಂದನ್ನು ಹೊಳೆಗುಂಟ ಅಲ್ಲಿಗೆ ಒಯ್ಯುತ್ತಾರೆಂಬ ಸುದ್ದಿ ಬಂತು. ಒಂದೂವರೆ ದಿನದ ಹಾದಿ. ಹೀಗೆ ನಾವು ಆ ನಾವೆ ಹತ್ತಿದೆವು.

ಅಂಬಿಗನಿಗೆ ಅರವತ್ತು ದಾಟಿತ್ತು. ಮಾತು ಕಡಿಮೆ, ಆಡಿದ್ದೂ ಹುಟ್ಟು ಹಾಕುವ ತಾಳಕ್ಕೆ ಸರಿಯಾಗಿ ಆಡುತ್ತಿದ್ದ. ಹೊಳೆ ತಾನೇ ನಮ್ಮನ್ನು ಒಯ್ಯುತ್ತಿತ್ತು. ಅವನು ಅದಕ್ಕೆ ಆಗಾಗ ದಾರಿ ತೋರಿಸುತ್ತಿದ್ದನಷ್ಟೆ. ಅತ್ತೆ ನಡುವಿನ ಹಲಗೆಯ ಮೇಲೆ ಬುತ್ತಿಯ ಗಂಟು, ನೂಲಿನ ಚೀಲ, ಪಾಟಿ ಇಟ್ಟುಕೊಂಡು ಕುಳಿತಿದ್ದಳು. ಹಾಸಿನಲ್ಲಿ ಉಳಿದ ತುಂಡು ನೂಲನ್ನು ಅವಳು ಎಲ್ಲಿ ಹೋದರೂ ಒಯ್ಯುತ್ತಿದ್ದಳು. ಸುಮ್ಮನೆ ಕುಳಿತ ಕೈಗೆ ಕೆಲಸವೆಂದು ಅದನ್ನು ಬಿಡಿಸಿ ಉಂಡೆ ಮಾಡುವುದು ಅವಳ ರೂಢಿ.

ಒಂದು ತಾಸಿನ ಮೇಲೆ ಅಂಬಿಗ ನಾವೆಯನ್ನು ದಂಡೆಗೆ ಹಚ್ಚಿದ. ಅಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಕುರುಬ ಯುವಕ ತನ್ನ ಟಗರಿನೊಡನೆ ಕಾದಿದ್ದ. ಲೋಕಾಪುರದ ಕಡೆಯವನು. ಕೋಡು ಸುತ್ತಿಕೊಂಡು, ಎದೆ ಉಬ್ಬಿಸಿ, ದಟ್ಟ ಉಣ್ಣೆ ಹೊತ್ತು ನಿಂತ ಆ ಟಗರು ಕಾಳಗದ್ದು. ನಾವು ಹೋಗುವ ಊರಿನಲ್ಲೇ ಅದಕ್ಕೆ ಎದುರಾಳಿ ಇತ್ತಂತೆ. ಮೂಕಪ್ರಾಣಿಗಳನ್ನು ಕಾದಾಡಿಸುವುದು ಕ್ರೌರ್ಯವೆಂದು ನಾನು ವಹಿ ತೆರೆದುಕೊಂಡೇ ಅವನಿಗೆ ತಿಳಿಸಿ ಹೇಳಿದೆ.

"ನಾ ಏನ್ ಕಾದಾಡಸೂದಿಲ್ಲರಿ ಮಾಸ್ತರ" ಎಂದ ಅವನು. "ಅದಕ್ಕ ಸಿಟ್ಟ ಬರತೈತಿ. ನಾ ಹಗ್ಗ ಬಿಡತೇನಿ, ಅಷ್ಟ. ನಿಮಗ ಸಿಟ್ಟ ಬಂದ್ರ ವಹಿ ತಗೀತೀರಿ, ಅದಕ್ಕ ವಹಿ ಇಲ್ಲ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಟಗರು ಹಲಗೆಯಿಲ್ಲದೆ ಹತ್ತಲು ಒಪ್ಪಲಿಲ್ಲ. ಹಲಗೆ ಬೇಕೆಂಬ ನನ್ನ ಅಭಿಪ್ರಾಯವನ್ನು ಇಡೀ ಪ್ರಯಾಣದಲ್ಲಿ ಬೆಂಬಲಿಸಿದ ಜೀವ ಅದೊಂದೇ. ಅಂಬಿಗನೂ ಕುರುಬನೂ ಅದಕ್ಕಾಗಿ ಹಲಗೆ ಹುಡುಕುತ್ತ ದಂಡೆಯ ಮೇಲಿನ ಹೊಲದ ಕಡೆ ಹೋದರು. ಅತ್ತೆ ಕಾಲು ತೊಳೆಯಲು ಇಳಿದಳು. ನಾವೆಯಲ್ಲಿ ನಾನೊಬ್ಬನೇ ಉಳಿದೆ.

ಆಗ ಆ ಗಡಿಗೆಯನ್ನು ಕಂಡೆ.

ಹಿಂಬದಿಯ ಮೂಲೆಯಲ್ಲಿ, ತೋಯಿಸಿದ ಗೋಣಿಯ ಕೆಳಗೆ, ಬಾಯಿಗೆ ಬಟ್ಟೆ ಬಿಗಿದು ಅದನ್ನು ಅಡಗಿಸಿ ಇಟ್ಟಿದ್ದರು. ಗೋಣಿ ಸರಿಸಿದೆ. ಮೂಗಿಗೆ ಬಡಿದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಮುಂಬಯಿ ಸರಕಾರದ ಪಾನನಿರೋಧ ಕಾಯ್ದೆ ಬಂದ ಹೊಸತು ಅದು. ಕಾಯ್ದೆಯನ್ನು ಮುರಿಯುವವರು ಸೆರೆಯನ್ನು ಹೊಳೆಯ ಮೇಲಿಂದ ಸಾಗಿಸುತ್ತಾರೆಂದು ನಾನೇ ಎರಡು ಭಾಷಣಗಳಲ್ಲಿ ಹೇಳಿದ್ದೆ. ಸೆರೆಯನ್ನು ನಾನು ಕಂಡವನಲ್ಲ, ಮೂಸಿದವನೂ ಅಲ್ಲ. ಅದರ ವಾಸನೆ ಮನುಷ್ಯನಿಗೆ ಅಸಹ್ಯವಾಗುವಂಥದ್ದೆಂದು ಶಾಲೆಯಲ್ಲಿ ಓದಿದ್ದೆ. ಈ ವಾಸನೆ ಅಸಹ್ಯವಾಗಿತ್ತು. ನನಗೆ ಅಷ್ಟು ಪುರಾವೆ ಸಾಕಾಯಿತು. ಗಡಿಗೆಯನ್ನು ಎತ್ತಿ ಇದ್ದದ್ದನ್ನೆಲ್ಲ ಕೃಷ್ಣೆಗೆ ಸುರಿದೆ. ಮತ್ತೆ ಯಾರೂ ತುಂಬಬಾರದೆಂದು ಗಡಿಗೆಯನ್ನು ಕಲ್ಲಿಗೆ ಬಡಿದು ಒಡೆದೆ. ವಹಿಯಲ್ಲಿ ಸ್ಥಳ, ಹೊತ್ತು ಬರೆದು, "ಕ್ರಮ ಕೈಗೊಳ್ಳಲಾಯಿತು" ಎಂದು ಸೇರಿಸಿದೆ. ಎರಡು ವಹಿಗಳಲ್ಲಿ ಹಾಗೆ ಬರೆಯುವ ಭಾಗ್ಯ ನನಗೆ ಅದೇ ಮೊದಲು.

ಅವರು ಹಲಗೆಯೊಡನೆ ಮರಳಿದರು. ಟಗರು ಗಂಭೀರವಾಗಿ ಹತ್ತಿತು. ನಾನು ಎದ್ದು ನಿಂತು, ಕಾಯ್ದೆಯ ಉದ್ದೇಶವನ್ನು ವಿವರಿಸಿ, ವೈಯಕ್ತಿಕ ದ್ವೇಷವಿಲ್ಲದೆ ಇದನ್ನು ಮಾಡಿದ್ದೇನೆಂದು ಅಂಬಿಗನಿಗೆ ತಿಳಿಸಿದೆ. ಅವನು ಬರಿದಾದ ಮೂಲೆಯನ್ನು ನೋಡಿದ. ನಂತರ ಹೊಳೆಯನ್ನು ನೋಡಿದ. ನೀರಿನ ಮೇಲೆ ಹೊಳೆಯುವ ಪದರೊಂದು ನಿಧಾನವಾಗಿ ತೇಲಿಹೋಗುತ್ತಿತ್ತು.

"ಎಲ್ಲಾ ಚೆಲ್ಲಿದ್ರ್ಯಾ?"

"ಒಂದು ಹನಿಯನ್ನೂ ಉಳಿಸಿಲ್ಲ."

"ಗಡಿಗಿ?"

"ಒಡೆದಿದ್ದೇನೆ."

ಅವನು ಹುಟ್ಟಿನ ಮೇಲೆ ಕೈಯೂರಿದ. "ಛಲೋ ಆತು" ಎಂದ. "ಔಡಲೆಣ್ಣಿಯೊಳಗ ರಾಳ ಕುದಿಸಿ, ಮೀನೆಣ್ಣಿ ಕೂಡಿಸಿ ಎಂಟ ದಿನ ಇಟ್ಟಿದ್ನಿ. ಪುಂಡಿ ನಾರು ಅದರಾಗ ಎದ್ದಿ ಹಲಗಿ ಸಂದಿಗೆ ತುಂಬಿದ್ರ ನಾವ ಸೋರೂದಿಲ್ಲ. ಈಗ ಹೊಳಿ ಸೋರೂದಿಲ್ಲ ನೋಡ್ರಿ."

ಕುರುಬ ಯುವಕ ನಕ್ಕು ನಕ್ಕು ಟಗರಿನ ಕೋಡು ಹಿಡಿದುಕೊಂಡ. ನಮ್ಮದು ಮೀನು ಒಲೆ ಏರದ ಮನೆ; ಮೀನೆಣ್ಣೆಯ ವಾಸನೆ ನನಗೆ ಹೇಗೆ ತಿಳಿಯಬೇಕು? ಈ ವಾದವನ್ನು ನಾನು ಆಗಲೇ ಮಂಡಿಸಿದೆ. ಅದು ಯಾರನ್ನೂ ಒಪ್ಪಿಸಲಿಲ್ಲ. ಅತ್ತೆ ಮಾತ್ರ ನಗಲಿಲ್ಲ.

"ಅಣ್ಣಾ, ನಾಳಿ ಹನ್ನೊಂದಕ್ಕ ನಾ ಅಲ್ಲಿರಬೇಕು" ಎಂದಳು ಅಂಬಿಗನಿಗೆ. "ಮುಟ್ಟತೈತೇನು ನಾವ?"

"ನಾವ ಮುಟ್ಟತೈತ್ರಿ ಅಕ್ಕಾರ. ಮ್ಯಾಲ ಇರತೈತೋ ಬುಡಕ ಇರತೈತೋ ಹೇಳಾಕಾಗೂದಿಲ್ಲ."

ಮಧ್ಯಾಹ್ನದ ಹೊತ್ತಿಗೆ ನಡುವಿನ ಎರಡು ಹಲಗೆಗಳ ಸಂದು ಬಾಯ್ಬಿಟ್ಟಿತು. ಮೊದಲು ಅತ್ತೆಯ ಬುತ್ತಿಯ ಗಂಟು ತೋಯ್ದಿತು, ನಂತರ ಟಗರು ನೀರು ತಪ್ಪಿಸಲು ಒಂದೊಂದೇ ಕಾಲೆತ್ತತೊಡಗಿತು. ನಾನು ಡಬ್ಬಿಯಲ್ಲಿ ಚೆಲ್ಲಿದ ನೀರಿನ ಅರ್ಧ ಅದರ ತಳದಿಂದಲೇ ಮರಳಿ ಒಳಗೆ ಬೀಳುತ್ತಿತ್ತು. ಅಂಬಿಗ ದಂಡೆಗೆ ಹಚ್ಚಿ, ನಾವೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಒಣ ಪುಂಡಿ ನಾರನ್ನು ಸಂದಿಗೆ ತುರುಕಿ ನೋಡಿದ. ಎಣ್ಣೆಯಿಲ್ಲದ ನಾರು ನೀರು ಕುಡಿದು ಮೆತ್ತಗಾಗಿ ಕೈಗೇ ಬಂತು.

ಆಗ ಅತ್ತೆ ತನ್ನ ಚೀಲ ತೆರೆದಳು. "ನೂಲು ತುಂಬಿ ನೋಡೂನು. ನಾರಿಗಿಂತ ಸಣ್ಣದೈತಿ, ಸಂದಿಯೊಳಗ ಬಿಗಿಯಾಗಿ ಕುಂಡ್ರತೈತಿ."

ನಾನು ಆ ಸೂಚನೆಯನ್ನು ಹೃತ್ಪೂರ್ವಕವಾಗಿ ಅನುಮೋದಿಸಿದೆ. ನೇಕಾರರ ಮನೆಯವರಾದ ನಮಗೆ ಲೋಕದ ಯಾವ ಬಿರುಕೂ ಹರಿದ ಎಳೆಯಂತೆಯೇ ಕಾಣುತ್ತದೆ. ನೂಲು ಹಾಕಿ ಗಂಟು ಬಿಗಿದರೆ ಸರಿಹೋಗದ್ದು ಯಾವುದೂ ಇಲ್ಲವೆಂದು ಹುಟ್ಟಿನಿಂದ ನಂಬಿದವರು ನಾವು. ಮೇಲಾಗಿ ಇದು ಸ್ವಾವಲಂಬನೆ: ದುಡಿಯುವ ಹೆಣ್ಣುಮಗಳ ಕೈಯ ವಸ್ತು, ದುಡಿಯುವವರ ನಾವೆಯನ್ನು ಉಳಿಸುವುದು. ಅತ್ತೆ ಸಂದಿಯುದ್ದಕ್ಕೂ ನೂಲನ್ನು ಎಷ್ಟು ಒಪ್ಪವಾಗಿ ತುಂಬಿದಳೆಂದರೆ ಅಂಬಿಗ ಬೆರಳಾಡಿಸಿ ನೋಡಿ, "ಸೀರಿ ಅಂಚ ಇದ್ದಂಗ ಐತಿ" ಎಂದ.

ಒಂದು ತಾಸು ನಾವು ಅರಸರಂತೆ ತೇಲಿದೆವು. ಅತ್ತೆ ಪಾಟಿಯ ಮೇಲೆ ಪತ್ರ ಬರೆಯುವ ಅಭ್ಯಾಸ ಮಾಡಿದಳು, ನಾನು ತಿದ್ದಿದೆ. ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅರ್ಧದಷ್ಟು ಅಂಕ. ಮಾಮಲೇದಾರರಿಗೆ ಬಾವಿಯ ಬಗ್ಗೆ ಅರ್ಜಿ, ಶಿಕ್ಷಣಾಧಿಕಾರಿಗಳಿಗೆ ಶಾಲೆಯ ಬಗ್ಗೆ ಅರ್ಜಿ, ಹೀಗೆ ಹನ್ನೆರಡು ಮಾದರಿಗಳನ್ನು ನಾನೇ ಅವಳಿಗೆ ಬಾಯಿಪಾಠ ಮಾಡಿಸಿದ್ದೆ. "ಎಲ್ಲಾ ಪತ್ರಾನೂ ಸಾಹೇಬರಿಗೇ ಬರೀಬೇಕೇನಪಾ?" ಎಂದು ಅವಳು ಕೇಳಿದಳು. ನಾಗರಿಕನ ಪತ್ರವ್ಯವಹಾರ ಬಹುಮಟ್ಟಿಗೆ ಅವರೊಡನೆಯೇ ಎಂದು ನಾನು ಉತ್ತರಿಸಿದೆ.

"ಮಾಸ್ತರ" ಎಂದು ಕುರುಬ ಯುವಕ ಕರೆದ. ಅವನು ನಾವೆಯ ಅಂಚಿಗೆ ಬಾಗಿ ಕೆಳಗೆ ನೋಡುತ್ತಿದ್ದ. "ಈ ಮೀನಿಗೋಳ ಯಾಕ ನಮ್ಮ ಬೆನ್ನ ಹತ್ತ್ಯಾವು?"

ನಾವೆಯ ಎರಡೂ ಬದಿಗೆ ಮೀನಿನ ಹಿಂಡು ಕಿಕ್ಕಿರಿದಿತ್ತು. ಒಳಗೆ ಬರುತ್ತಿದ್ದ ನೀರು ಬೆಳ್ಳಗೆ, ತಿಳಿಗಂಜಿಯಂತೆ ಇತ್ತು. ಅತ್ತೆ ಅದಕ್ಕೆ ಬೆರಳದ್ದಿ ನೋಡಿದಳು, ಮುಖ ಇಳಿಯಿತು. ಅದು ಹಾಸಿನ ನೂಲು. ಮೂವತ್ತು ವರ್ಷ ತನ್ನ ಕೈಯಾರೆ ಗಂಜಿ ಹಚ್ಚಿದ ನೂಲು. ಒಣಗಿದಾಗ ಕಡ್ಡಿಯಂತೆ ನಿಲ್ಲುವ ಆ ನೂಲು ನೀರಿಗೆ ಬಿದ್ದರೆ ಗಂಜಿ ಬಿಟ್ಟು ಅರ್ಧಕ್ಕರ್ಧ ಸಣ್ಣದಾಗುತ್ತದೆಂಬುದು ನಮ್ಮ ಓಣಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ರಾತ್ರಿಶಾಲೆ ನಡೆಸುವ ನನಗೂ ಗೊತ್ತಿತ್ತು.

"ಹೊಳಿಯೊಳಗಿನ ಮೀನಿಗೆಲ್ಲಾ ಊಟಾ ಹಾಕಿದ್ರಿ" ಎಂದ ಅಂಬಿಗ. "ಮೊದಲ ಎಣ್ಣಿ ಕುಡಿಸಿದ್ರಿ, ಈಗ ಗಂಜಿ. ಎಲಿ ಅಡಿಕಿ ಏನರ ತಂದೀರೇನ್ರಿ?"

ಸಂಜೆಯವರೆಗೆ ನಾವು ಮೂವರೂ ನೀರು ಚೆಲ್ಲಿದೆವು. ಅತ್ತೆ ಬುತ್ತಿಯ ಪಾತ್ರೆಯಿಂದ, ಕುರುಬ ಕಂಬಳಿಯ ಜೋಳಿಗೆಯಿಂದ, ನಾನು ಜರಡಿಯಿಂದ. ಜಮಖಂಡಿಯ ಉತ್ತರಕ್ಕೆ ಚಿಕ್ಕಪಡಸಲಗಿಯ ದಂಡೆ ಮುಟ್ಟುವಾಗ ನಾವೆಯಲ್ಲಿ ಮೊಣಕಾಲುದ್ದ ನೀರಿತ್ತು. ಅರ್ಧ ಹಾದಿ ಇನ್ನೂ ಉಳಿದಿತ್ತು. ಅಷ್ಟು ಹೊತ್ತಿಗೆ ಅಲ್ಲಿ ಎಣ್ಣೆಯೂ ರಾಳವೂ ಸಿಗಲಿಲ್ಲ; ದಂಡೆಯ ಗುಡಿಯ ಪಡಸಾಲೆಯಲ್ಲಿ ಮಲಗಿದೆವು. ಮಲಗುವ ಮುನ್ನ ಅತ್ತೆ ನನಗೆ ಒಂದೇ ಮಾತು ಹೇಳಿದಳು: "ತಮ್ಮಾ, ನನಗ ಓದಾಕ ಕಲಿಸಿದಾವ ನೀನ. ಅದಕ್ಕ ಬೈಯೂದಿಲ್ಲ. ಖರೆ ಮೂರು ವರ್ಷ ಮತ್ತ ಅವರ ನಗಿ ಕೇಳೂದು ನನ್ನಿಂದ ಆಗೂದಿಲ್ಲ." ನಾನು ಜೀವಮಾನದಲ್ಲಿ ಕೇಳಿದ ಟೀಕೆಗಳಲ್ಲಿ ಅಷ್ಟು ನೋಯಿಸಿದ್ದು ಬೇರೆ ಇಲ್ಲ.

ಬೆಳಗಾಗುತ್ತಲೇ ಎದ್ದು ನೋಡಿದರೆ ಅತ್ತೆ ಟಗರಿನ ಪಕ್ಕದಲ್ಲಿ ಕುಳಿತು ಅದರ ಮೈಮೇಲಿನ ಉಣ್ಣೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿದ್ದಳು. ನೂಲು ತಿಳಿದವರ ಬೆರಳು ಅದು.

"ಇದರಾಗ ಜಿಡ್ಡ ಐತಿ" ಎಂದಳು ಕುರುಬ ಯುವಕನಿಗೆ. "ತೊಳಿಯದ ಉಣ್ಣಿ. ಇದಕ್ಕ ಎಣ್ಣಿ ಬ್ಯಾಡ, ಇದಾ ಎಣ್ಣಿ."

ಅವನು ಹಿಂದಕ್ಕೆ ಸರಿದ. "ಎವ್ವಾ, ನನ್ನ ಟಗರಿಗೆ ಇವತ್ತ ಕಾಳಗ ಐತಿ. ಉಣ್ಣಿ ಇದ್ರನ ಅದಕ್ಕ ಮರ್ಯಾದಿ. ಬೋಳಿಸಿದ್ರ ಎದುರಿನ ಟಗರ ಹೊಡ್ಯಾಕ ಬರೂದಿಲ್ಲ, ನಗಾಕ ಬರತೈತಿ."

"ನಗಿಸಿಕೊಳ್ಳೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ ತಮ್ಮಾ" ಎಂದಳು ಅತ್ತೆ. ಕಮಿಟಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಹಿರಿಯರ ನಗೆ, ಹೆಬ್ಬಟ್ಟು, ಪಾಟಿ, ಹನ್ನೊಂದು ಗಂಟೆ. ನಾನು ಸಭೆಗಳಲ್ಲಿ ಮುಕ್ಕಾಲು ತಾಸು ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಅವಳು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತಿನಲ್ಲಿ ಮುಗಿಸಿದಳು. ಅವನು ತಲೆ ಕೆರೆದುಕೊಂಡ. ಕುಲದೇವರು ಬೀರೇಶ್ವರನನ್ನು ನೆನೆದು ಸೊಂಟದ ಕತ್ತರಿ ತೆಗೆದ.

"ಒಂದ ಮಗ್ಗಲಾ ಅಷ್ಟ" ಎಂದ. "ಇನ್ನೊಂದ ಮಗ್ಗಲಾ ಹಂಗ ಇರಲಿ. ಎದುರಿನವ್ರಿಗೆ ಆ ಕಡೆಯಿಂದನ ತೋರಸ್ತೇನಿ."

ಜಿಡ್ಡಿನ ಉಣ್ಣೆಯನ್ನು ಅತ್ತೆ ಹುರಿಗೊಳಿಸಿಕೊಟ್ಟಳು. ಅಂಬಿಗ ಅದನ್ನು ಸಂದಿಗೆ ಬಡಿದು ಕೂರಿಸಿ, ಮೇಲೆ ಎರೆಮಣ್ಣಿನ ಮುದ್ದೆ ಮೆತ್ತಿದ. ನನಗೆ ಮಣ್ಣು ತುಳಿಯುವ ಕೆಲಸ ಸಿಕ್ಕಿತು. ಟಗರು ಬಲಕ್ಕೆ ರಾಜಗಾಂಭೀರ್ಯ, ಎಡಕ್ಕೆ ಬರಿ ಚರ್ಮ ಹೊತ್ತು ನಿಂತು ನನ್ನನ್ನೇ ನೋಡುತ್ತಿತ್ತು. ಎಲ್ಲಕ್ಕೂ ಮೂಲ ಯಾರೆಂದು ಅದಕ್ಕೆ ಗೊತ್ತಿದ್ದಂತಿತ್ತು.

ನಾವೆ ಸೋರಲಿಲ್ಲ, ಬರಿ ಜಿನುಗಿತು. ಆದರೆ ರಿಪೇರಿಗೆ ಬೆಳಗಿನ ಎರಡು ತಾಸು ಹೋಗಿತ್ತು. ಹೊಳೆ ಅದನ್ನು ಮರಳಿ ಕೊಡಲಿಲ್ಲ. ಹನ್ನೊಂದರ ಹೊತ್ತಿಗೆ ಊರು ಕಣ್ಣಿಗೂ ಬಿದ್ದಿರಲಿಲ್ಲ. ಅತ್ತೆ ಸೂರ್ಯನನ್ನು ನೋಡಿದಳು, ಪಾಟಿಯನ್ನು ಚೀಲದೊಳಗೆ ಇಟ್ಟಳು, ಮತ್ತೆ ಹೊರತೆಗೆದಳು. ಯಾರೂ ತಮಾಷೆ ಮಾಡಲಿಲ್ಲ. ಅಂಬಿಗ ಎರಡು ದಿನಗಳಲ್ಲಿ ಮೊದಲ ಬಾರಿ ತಾಳ ಬಿಟ್ಟು ಹುಟ್ಟು ಹಾಕಿದ.

ನಾವು ಕಡವು ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ದಂಡೆಯ ಮೇಲೆ ಕೋಟು, ಟೊಪ್ಪಿಗೆ ತೊಟ್ಟ ಮಧ್ಯವಯಸ್ಸಿನವರೊಬ್ಬರು ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನಮ್ಮನ್ನು ಕಂಡು ಎದ್ದು, "ಬಂತಪಾ ನಾವ! ಮುಂಜಾನಿಂದ ಕಾಯಾಕತ್ತೇವಿ. ನಡಿ, ಆಚೀ ದಂಡಿಗೆ ಬಿಡು. ವಿಜಾಪುರದ ಕಡೆ ಹೋಗೂ ಗಾಡಿ ನಿಂತೈತಿ" ಎಂದರು.

ಕೆಂಪು ಬಟ್ಟೆಯ ಗಂಟು ಉತ್ತರಪತ್ರಿಕೆಗಳದ್ದು, ಅವರು ಪರೀಕ್ಷಕರು. ಪರೀಕ್ಷೆ ಮುಗಿದಿತ್ತು.

ನಾನು ಮುಂದೆ ಬಂದು, ರಸ್ತೆ ಹದಗೆಟ್ಟದ್ದು, ಪ್ರೌಢ ಮಹಿಳೆಯರ ಹಕ್ಕು, ದುಡಿಯುವವರ ಅನಾನುಕೂಲ ಇವನ್ನೆಲ್ಲ ಕ್ರಮವಾಗಿ ಮಂಡಿಸಿದೆ. ಅವರು ಸಮಾಧಾನದಿಂದ ಕೇಳಿ, "ಎಲ್ಲಾ ಖರೆ ಐತಿ. ಖರೆ ಹೊತ್ತ ಮೀರಿ ಹೋತು. ನಾ ಹೋಗಬೇಕು" ಎಂದರು. ನಾನು ವಹಿ ತೆಗೆದೆ.

"ಸಾಹೇಬರ" ಎಂದ ಅಂಬಿಗ, ನಾವೆಯ ಹಗ್ಗವನ್ನು ಗೂಟಕ್ಕೆ ಬಿಗಿಯುತ್ತ. "ಈ ನಾವ ಈಗ ಆಚೀಕ ಹೋಗೂದಿಲ್ಲರಿ. ಸಂದಿಯೊಳಗ ಉಣ್ಣಿ ತುಂಬೇನಿ. ಅದನ್ನ ತಗದು ಊರಾಗಿಂದ ಎಣ್ಣಿ, ರಾಳ ತರಿಸಿ, ಕುದಿಸಿ ತುಂಬಬೇಕು. ಎರಡ ತಾಸ ಬೇಕು."

"ಬ್ಯಾರೆ ನಾವ?"

"ಬ್ಯಾರೆ ನಾವ ಇಲ್ಲಂತನ ಇದನ್ನ ತಂದೇನಿ." ಅವನು ಗಂಟು ಬಿಗಿದು, ಅತ್ತೆಯ ಕಡೆ ನೋಡದೆ ಹೇಳಿದ: "ಕುಂಡ್ರರಿ ಅಲ್ಲಿ ನೆಳ್ಳಾಗ. ಸುಮ್ನ ಯಾಕ ಕುಂಡ್ರತೀರಿ, ಅಕ್ಕಾರ ಪರೀಕ್ಷಾ ತಗೋರಿ."

ಪರೀಕ್ಷಕರು ಹೊಳೆಯನ್ನು ನೋಡಿದರು, ಆಚೆ ದಂಡೆಯ ಗಾಡಿಯನ್ನು ನೋಡಿದರು, ಅರ್ಧ ಬೋಳಾದ ಟಗರನ್ನು ನೋಡಿದರು. ಪರೀಕ್ಷೆಯ ದಿನ ಸೂರ್ಯ ಮುಳುಗುವವರೆಗೂ ದಿನವೇ ಎಂದು ತಮಗೆ ತಾವೇ ಒಪ್ಪಿಸಿಕೊಂಡರು. ಉಳಿದಿದ್ದ ಒಂದು ಪ್ರಶ್ನಪತ್ರಿಕೆಯನ್ನು ಗಂಟಿನಿಂದ ತೆಗೆದರು. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಅತ್ತೆ ಕುಳಿತಳು. ಪಾಠ ಓದಿದಳು; ತಡವರಿಸಲಿಲ್ಲ. ಉಕ್ತಲೇಖನ ಬರೆದಳು. ಆಮೇಲೆ ಪತ್ರಲೇಖನಕ್ಕೆ ಬಾಗಿದವಳು ತಲೆ ಎತ್ತಲೇ ಇಲ್ಲ.

ಎರಡು ತಾಸಿನ ಕೆಲಸವನ್ನು ಅಂಬಿಗ ಮೂರು ತಾಸು ಮಾಡಿದ. ಎಣ್ಣೆಯನ್ನು ಒಮ್ಮೆ ಕುದಿಸಿ, ಮೂಸಿ, ಮತ್ತೆ ಕುದಿಸಿದ. ಪ್ರತಿ ಸಲ ಮೂಸುವಾಗ ಗಡಿಗೆಯನ್ನು ನನ್ನ ಮೂಗಿನ ಹತ್ತಿರವೂ ತಂದು, "ನೋಡ್ರಿ ಮಾಸ್ತರ, ಇದು ಎಣ್ಣಿ" ಎನ್ನುತ್ತಿದ್ದ.

ಅಷ್ಟರಲ್ಲಿ ಪರೀಕ್ಷಕರ ಹುಬ್ಬು ಗಂಟಿಕ್ಕಿತು. "ಏನ್ರಿ ಬಾಯಾರ, ಇದೇನು ಬರದೀರಿ? ಇದು ಅರ್ಜಿ ಅಲ್ಲ. ಅಧಿಕಾರಿಗಳಿಗೆ ಅರ್ಜಿ ಬರೀಬೇಕು."

ನಾನು ಗಿಡದ ಕಡೆ ಧಾವಿಸಿದೆ. ಹನ್ನೆರಡು ಮಾದರಿ ಬಾಯಿಪಾಠ ಮಾಡಿಸಿದ್ದೆನಲ್ಲ!

ಅತ್ತೆ ಪ್ರಶ್ನಪತ್ರಿಕೆಯನ್ನು ಎತ್ತಿಕೊಂಡಳು. ಬೆರಳಿಟ್ಟು ಗಟ್ಟಿಯಾಗಿ ಓದಿದಳು: "'ನಿಮಗೆ ತಿಳಿದವರಿಗೆ ಒಂದು ಪತ್ರ ಬರೆಯಿರಿ.' ಸಾಹೇಬರಿಗೆ ಅಂತ ಇದರಾಗ ಎಲ್ಲೈತ್ರಿ? ನನಗ ಯಾವ ಸಾಹೇಬರೂ ತಿಳಿದವರಿಲ್ಲ."

ಪರೀಕ್ಷಕರು ಪತ್ರಿಕೆಯನ್ನು ಇಸಿದುಕೊಂಡು ಎರಡು ಸಲ ಓದಿದರು. ಎಷ್ಟೋ ವರ್ಷಗಳಿಂದ ಅದನ್ನು ಹಂಚಿದ್ದರೂ ಓದಿದ್ದು ಅವತ್ತೇ ಮೊದಲಿರಬೇಕು. ನಂತರ ಕನ್ನಡಕ ಸರಿಮಾಡಿಕೊಂಡು ಅವಳ ಪತ್ರವನ್ನು ಓದಿದರು. ಓದುತ್ತ ಓದುತ್ತ ಅವರ ಭುಜ ಅಲುಗಾಡತೊಡಗಿತು. ಕೊನೆಗೆ ಕಣ್ಣೊರೆಸಿಕೊಂಡು, ಕಾಗದದ ತಲೆಯಲ್ಲಿ ಕೆಂಪು ಪೆನ್ಸಿಲಿನಿಂದ "ಉತ್ತೀರ್ಣ" ಎಂದು ಬರೆದರು. ಸರ್ಟಿಫಿಕೇಟನ್ನೂ ಅಲ್ಲೇ ಬರೆದುಕೊಟ್ಟರು. ಪತ್ರ ತಮ್ಮ ಕಡತಕ್ಕೆ ಬೇಕೆಂದರು. ಅತ್ತೆ ಒಪ್ಪಲಿಲ್ಲ, ಅದು ಯಾರಿಗೆ ಬರೆದದ್ದೋ ಅವರಿಗೆ ಮುಟ್ಟಬೇಕೆಂದಳು. ಕಡೆಗೆ ಇನ್ನೊಂದು ಹಾಳೆಯಲ್ಲಿ ಅದನ್ನೇ ಮತ್ತೆ ಬರೆದುಕೊಂಡು ನಾವೆಯ ಹತ್ತಿರ ಹೋಗಿ, ಎಣ್ಣೆಗೈಯ ಅಂಬಿಗನ ಎದುರು ನಿಂತು ಓದಿದಳು:

"ಅಂಬಿಗರ ಅಣ್ಣಗ ಶರಣು. ನಮ್ಮ ಹುಡುಗ ನಿಮ್ಮ ಎಣ್ಣಿ ಗಡಿಗಿ ಹೊಳಿಗೆ ಚೆಲ್ಲಿದ. ಅದು ತಪ್ಪು. ಆಮ್ಯಾಲ ಗಂಜಿ ನೂಲು ತುಂಬರಿ ಅಂತ ನಾ ಹೇಳಿದೆ. ಅದೂ ತಪ್ಪು. ಹುಡುಗ ಕೆಟ್ಟಾವ ಅಲ್ಲ. ಅವಗ ಬರಿಯಾಕ ಬರತೈತಿ, ಕೇಳಾಕ ಬರೂದಿಲ್ಲ. ಮೂಸಿ ನೋಡಾಕ ಮೊದಲ ಬರೂದಿಲ್ಲ. ನೀವು ಬೈಯಲಿಲ್ಲ. ನನ್ನನ್ನ ಇಲ್ಲಿತನಕ ತಂದ್ರಿ. ಇದು ನಾ ಬರದ ಮೊದಲನೇ ಪತ್ರ. ಟಗರಿಗೂ ಶರಣು ಹೇಳ್ರಿ."

ಅಂಬಿಗ ಎಣ್ಣೆಯ ಗಡಿಗೆಯನ್ನು ಕೆಳಗಿಟ್ಟ. ನಂತರ, "ಮೂಸಿ ನೋಡೂದು ಐತೆಲ್ಲಾ, ಅಲ್ಲಿಂದ ಇನ್ನೊಮ್ಮಿ ಓದ್ರಿ ಅಕ್ಕಾರ" ಎಂದ. ಅವಳು ಓದಿದಳು. ಅವನು ಕೈ ಒರೆಸಿಕೊಂಡು ಕಾಗದವನ್ನು ಮಡಿಸಿ ರುಮಾಲಿನ ಸುತ್ತಿನೊಳಗೆ ಸಿಕ್ಕಿಸಿಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ. ಈ ತಪ್ಪನ್ನು ವಹಿಯಲ್ಲಿ ಬರೆಯಬೇಕೆಂದು ನನಗೆ ಆಗ ತೋಚಲಿಲ್ಲ. ನಂತರ ತೋಚಿತು, ಆದರೆ ಕೈ ಬರಲಿಲ್ಲ.

ಟಗರಿನ ವಿಷಯ: ಎದುರಾಳಿ ಅದರ ಎಡಮಗ್ಗುಲನ್ನು ಕಂಡು ಗಾಬರಿಯಾಗಿ ತಿರುಗಿ ಓಡಿತೆಂದು ಕುರುಬ ಯುವಕ ಮರುದಿನ ಹೇಳಿದ. ಪ್ರಾಣಿಗಳನ್ನು ಕಾದಾಡಿಸುವುದು ತಪ್ಪೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಹೊಡೆದಾಟವಿಲ್ಲದೆ ಮುಗಿದ ಕಾಳಗಕ್ಕೆ ಮಾತ್ರ ನನ್ನ ಆಕ್ಷೇಪಣೆಯಿಲ್ಲ.

ಮುಂದಿನ ವಾರದ ಸಭೆಯಲ್ಲಿ ಅತ್ತೆ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. ಹಿರಿಯರು ಅದನ್ನು ಕೈಯಿಂದ ಕೈಗೆ ದಾಟಿಸಿದರು. ಅವರಲ್ಲಿ ಇಬ್ಬರು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಪರಿಶೀಲಿಸಿದರು. ಅವಳು ಕಮಿಟಿಗೆ ಬಂದಳು. ಅವತ್ತು ಮನೆಗೆ ಬಂದವಳೇ ನನ್ನ ಕೆಂಪು ವಹಿಯನ್ನು ಕೇಳಿದಳು. ಹೊಳೆಯ ಪ್ರಯಾಣದ ಪುಟಗಳನ್ನು ತೆಗೆದು ಒಂದೊಂದಾಗಿ ಓದಿದಳು. ಫಲಕವಿಲ್ಲ, ಹಲಗೆಯಿಲ್ಲ, ಡಬ್ಬಿ ತೂತು, ಅಂಬಿಗನ ಅಸೌಜನ್ಯ, ಟಗರು, ಗಡಿಗೆ: "ಕ್ರಮ ಕೈಗೊಳ್ಳಲಾಯಿತು." ಅಲ್ಲಿಗೆ ಬೆರಳು ನಿಂತಿತು. ಪೆನ್ಸಿಲು ತೆಗೆದುಕೊಂಡು, ನಾಲಿಗೆಗೆ ತಾಗಿಸಿ, ಮುಂದಿನ ಕ್ರಮಸಂಖ್ಯೆ ಹಾಕಿ, ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು: "ಗಡಿಗಿ ಚೆಲ್ಲಿದಾವ ನಮ್ಮ ಹುಡುಗ. ಕೇಳಲಿಲ್ಲ."

ಎರಡು ವಹಿಗಳಲ್ಲಿ ನನ್ನ ತಪ್ಪೊಂದು ದಾಖಲಾದದ್ದು ಅದೇ ಮೊದಲು. ಅವಳು ಅದರ ಕೆಳಗೆ ನಾಲ್ಕು ಗೆರೆಗಳನ್ನು ಖಾಲಿ ಬಿಟ್ಟು ವಹಿಯನ್ನು ನನ್ನ ಕೈಗೆ ಕೊಟ್ಟಳು.

"ಜಾಗಾ ಬಿಟ್ಟೀನಿ" ಎಂದಳು. "ಬೇಕಾಗತೈತಿ."